ಮೀನು ತೋರಿಸುವ ಯಂತ್ರ ಬಂತು, ಜಾಕೆಟ್ ಎಲ್ಲಿ?

ಗಲ್ಫಿನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಒಂದು ಕಾಲದಲ್ಲಿ ಟಾಂಗ್, ನಿಡೋ, ಅತ್ತರು ಇರುತ್ತಿತ್ತು. ಈಗ ಫಿಶ್ ಫೈಂಡರ್ ಬರುತ್ತಿದೆ. ನಮ್ಮ ಹುಡುಗರಿಗೆ ಕಯಾಕ್ ಹುಚ್ಚು ಹಿಡಿದಿದೆ. ಸುಬಹಿ ನಮಾಝ್ ಮುಗಿಸಿ ಶಿರಿಯ ಹೊಳೆಗೆ ಇಳಿಯುತ್ತಾರೆ, ಗಾಳಕ್ಕೆ ಚೆಂಬಲ್ಲಿಯೋ ಕಾಳಾಂಜಿಯೋ ಬಿದ್ದರೆ ಹತ್ತು ಗಂಟೆಗೆ ಮನೆ. ನನಗೂ ಅದೇ ಹುಚ್ಚು.

ಹಿರಿಯರು ಇದನ್ನು ಇಸ್ರಾಫ್ ಎನ್ನುತ್ತಾರೆ. ಮದುವೆಗೆ ಊರಿಗೆಲ್ಲ ಬಿರಿಯಾನಿ ಬಡಿಸಿ, ಉಳಿದದ್ದನ್ನು ಗುಂಡಿಗೆ ಸುರಿಯುವ ಮನೆಯವರು ದುಡಿದು ತಂದ ಒಂದು ಕಯಾಕ್ ಕಂಡು ಆ ಮಾತು ಹೇಳಿದರೆ ಯಾವ ಹುಡುಗ ಕೇಳುತ್ತಾನೆ? ಅವನು ಖರ್ಚು ಮಾಡಲಿ. ಆದರೆ ಯಾವುದನ್ನು ಮೊದಲು ಕೊಂಡ ಎಂದು ಕೇಳುವ ಹಕ್ಕು ಮನೆಯವರಿಗಿದೆ. ನನ್ನ ಜಗಳವೂ ಅಲ್ಲೇ.

ನಾನು ಮೊದಲು ಕೊಂಡದ್ದು ಫಿಶ್ ಫೈಂಡರ್. ಆಮೇಲೆ ಬ್ಯಾಟರಿ, ಗಾಳದ ಕೋಲು ಸಿಕ್ಕಿಸುವ ನಾಲ್ಕು ಹೋಲ್ಡರ್, ಕ್ಯಾಮೆರಾ ಸ್ಟ್ಯಾಂಡ್, ಫೋನ್ ಸ್ಟ್ಯಾಂಡ್. ಲೈಫ್ ಜಾಕೆಟ್ ಕೊನೆಗೆ, ಸಿಕ್ಕಿದ ಬೆಲೆಗೆ. ಸೆಕೆ ಎಂದು ಅದನ್ನು ಸೀಟಿನ ಹಿಂದೆ ಸಿಕ್ಕಿಸಿಟ್ಟಿದ್ದೆ. ಒಂದು ದಿನ ಅಳಿವೆಯ ಹತ್ತಿರ ಪರದೆ ನೋಡುತ್ತಾ ಕುಳಿತಿದ್ದಾಗ ಇಳಿತದ ನೀರು ನನ್ನನ್ನು ಮರಳುದಿಬ್ಬದ ತನಕ ಎಳೆದುಕೊಂಡು ಹೋಯಿತು. ಅಲೆಗೆ ಕಯಾಕ್ ಅಡ್ಡ ನಿಂತಿತು, ಒಂದೇ ಸಲಕ್ಕೆ ಮಗುಚಿತು. ಸ್ಟ್ಯಾಂಡಿನಲ್ಲಿದ್ದ ಫೋನ್ ತಳ ಸೇರಿತು. ಜಾಕೆಟ್ ನನ್ನಿಂದ ಇಪ್ಪತ್ತು ಮಾರು ದೂರದಲ್ಲಿ ಚೆಂದಕ್ಕೆ ತೇಲುತ್ತಿತ್ತು. ಬಲೆ ಎತ್ತಲು ಬಂದಿದ್ದ ದೋಣಿಯವರು ನನ್ನ ಅಂಗಿ ಹಿಡಿದು ಮೇಲಕ್ಕೆಳೆದರು. ಅವರಲ್ಲಿ ಹಿರಿಯರೊಬ್ಬರು ಕೇಳಿದ್ದು ಇಷ್ಟೇ: "ನಿನ್ನ ಯಂತ್ರದಲ್ಲಿ ನಮ್ಮ ದೋಣಿ ಕಂಡಿತಾ ಮೋನೇ?"

ಆ ಯಂತ್ರ ನಮ್ಮ ಹೊಳೆಯಲ್ಲಿ ಕಾಣುವುದಾದರೂ ಎಷ್ಟು? ಅದು ನೀರಿನೊಳಗೆ ಶಬ್ದ ಬಿಟ್ಟು ಮರುದನಿ ಹಿಡಿಯುತ್ತದೆ. ಶಬ್ದ ಟಾರ್ಚಿನ ಬೆಳಕಿನಂತೆ ಕೆಳಗೆ ಹೋದಷ್ಟೂ ಹರಡುತ್ತದೆ. 20 ಡಿಗ್ರಿ ಕೋನದ್ದಾದರೆ 10 ಮೀಟರ್ ಆಳದಲ್ಲಿ ಮೂರೂವರೆ ಮೀಟರ್ ಅಗಲದ ವೃತ್ತ ಸಿಗುತ್ತದೆ. 2 ಮೀಟರ್ ನೀರಿನಲ್ಲಿ ಸಿಗುವುದು 70 ಸೆಂಟಿಮೀಟರ್, ಅಂದರೆ ಒಂದು ದೊಡ್ಡ ಹರಿವಾಣದಷ್ಟು. ಕಯಾಕಿನ ನೆರಳು ಬಿದ್ದ ಆ ಜಾಗದಲ್ಲಿ ಮೀನು ಕಾದು ನಿಲ್ಲುತ್ತದೆಯೇ? ಆಳ, ಗುಂಡಿ, ಬಂಡೆ ತಿಳಿಯಲು ಅದು ಒಳ್ಳೆಯದು, ನಾನು ಈಗಲೂ ಬಳಸುತ್ತೇನೆ. ಆದರೆ ಜಾಕೆಟಿಗಿಂತ ಮೊದಲು ಕೊಳ್ಳುವ ಸಾಮಾನಲ್ಲ.

ಇನ್ನೊಂದು ಹುಚ್ಚು ಡ್ರಿಲ್ಲಿಂಗ್. ವಿಡಿಯೋ ನೋಡಿ ಕಂಡಕಂಡಲ್ಲಿ ತೂತು ಕೊರೆದು, ಸಿಲಿಕಾನ್ ಮೆತ್ತಿ, ಆಯಿತು ಎನ್ನುತ್ತಾರೆ. ಈ ಕಯಾಕ್‌ಗಳು ಹೆಚ್ಚಾಗಿ ಪಾಲಿಎಥಿಲೀನ್, ನಮ್ಮ ನೀರಿನ ಟಾಂಕಿಯ ಪ್ಲಾಸ್ಟಿಕ್. ಅದಕ್ಕೆ ಸಿಲಿಕಾನ್ ಗಟ್ಟಿ ಅಂಟುವುದಿಲ್ಲ. ಒಳಗೆ ಟೊಳ್ಳು, ನೀರು ಸದ್ದಿಲ್ಲದೆ ಸೇರಿ ದಡದಿಂದ ದೂರ ಹೋದ ಮೇಲೆ ಕಯಾಕ್ ವಾಲಲು ಶುರುವಾಗುತ್ತದೆ. ಫಿಶ್ ಫೈಂಡರ್‌ನ ಸಂವೇದಕವನ್ನು ತಳದ ಒಳಗಡೆ ಅಂಟಿಸಿದರೂ ಶಬ್ದ ಆ ಪ್ಲಾಸ್ಟಿಕ್ ದಾಟಿ ಹೋಗುತ್ತದೆ, ಕೊರೆಯಬೇಕಾಗಿಯೇ ಇಲ್ಲ. ಬ್ಯಾಟರಿ ತಳದಲ್ಲಿ, ನಡುವಿನಲ್ಲಿ ಇರಲಿ.

ಪೆಟ್ಟಿಗೆ ಕಟ್ಟುವವರಿಗೂ ಒಂದು ಮಾತು. 12.8 ವೋಲ್ಟಿನ 10 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಎಂದರೆ 128 ವ್ಯಾಟ್-ಅವರ್. 100 ದಾಟಿದರೆ ವಿಮಾನ ಕಂಪೆನಿಯ ಅನುಮತಿ ಬೇಕು, 160 ದಾಟಿದರೆ ಪ್ರಯಾಣಿಕರ ಸಾಮಾನಿನಲ್ಲಿ ತರುವಂತಿಲ್ಲ. ಬಿಡಿ ಬ್ಯಾಟರಿ ಕೈಚೀಲದಲ್ಲೇ ಬರಬೇಕು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರ ಅಲ್ಲಿ ಅಂಗಡಿಯಲ್ಲಿ ಸಿಕ್ಕಿತು ಎಂದು ತರಬೇಡಿ. ಇಲ್ಲಿ ಸರಕಾರದ ಅನುಮತಿ ಇಲ್ಲದೆ ಅದು ಅಪರಾಧ. ವಿಮಾನ ನಿಲ್ದಾಣದಿಂದ ನೇರ ಠಾಣೆಗೆ ಹೋದವರಿದ್ದಾರೆ.

ಮೊದಲು ಬರಬೇಕಾದದ್ದು ಮೈಗೆ ಸರಿಹೊಂದುವ ಜಾಕೆಟ್. 50 ನ್ಯೂಟನ್ ಎಂದು ಬರೆದದ್ದು ಈಜು ಬಲ್ಲವರಿಗೆ, ದಡದ ಹತ್ತಿರಕ್ಕೆ. ಈಜು ಬಾರದವನಿಗೆ 100 ಅಥವಾ ಹೆಚ್ಚಿನದು ಬೇಕು. ಅದಕ್ಕೆ ಒಂದು ಸೀಟಿ ಕಟ್ಟಿ. ಫೋನ್ ನೀರು ಹೋಗದ ಚೀಲದಲ್ಲಿ, ಕಯಾಕಿಗಲ್ಲ, ಜಾಕೆಟಿಗೇ ಕಟ್ಟಿರಲಿ. ಅದರಲ್ಲಿ ಕೋಸ್ಟ್ ಗಾರ್ಡಿನ 1554 ಇರಲಿ. ಕತ್ತಲಲ್ಲಿ ಇಳಿಯುವವನ ಹಿಂದೆ ಎತ್ತರದ ಕೋಲಿನಲ್ಲಿ ಬಿಳಿ ದೀಪ ಬೇಕು, ಎಂಜಿನ್ ದೋಣಿಯವನಿಗೆ ಕಯಾಕ್ ತೇಲುವ ತೆಂಗಿನ ಮಡಲಿನಷ್ಟೇ ಕಾಣುವುದು. ಗಾಳಿಯಿಲ್ಲದ ತಿಳಿ ದಿನವೂ ದಕ್ಷಿಣದ ದೂರ ಸಾಗರದಿಂದ ಅಲೆ ಎದ್ದು ಬರುತ್ತದೆ, ಕೇರಳದವರು ಕಳ್ಳಕ್ಕಡಲ್ ಎನ್ನುವುದು ಅದಕ್ಕೇ. ಅದರ ಮುನ್ನೆಚ್ಚರಿಕೆಯನ್ನು ಹೈದರಾಬಾದಿನ ಇನ್‌ಕಾಯಿಸ್ ಕೊಡುತ್ತದೆ, ಪುಕ್ಕಟೆಯಾಗಿ. ಮತ್ತೆ ಎದೆಮಟ್ಟದ ನೀರಿನಲ್ಲಿ, ಜೊತೆಗೆ ಒಬ್ಬನನ್ನು ನಿಲ್ಲಿಸಿಕೊಂಡು, ಬೇಕೆಂದೇ ಮಗುಚಿ ಪುನಃ ಹತ್ತಲು ಕಲಿಯಬೇಕು. ಇದನ್ನು ಯಾರೂ ವಿಡಿಯೋ ಮಾಡಿ ಹಾಕುವುದಿಲ್ಲ, ಒದ್ದೆ ಬೆಕ್ಕಿನಂತೆ ಕಾಣುತ್ತೇವಲ್ಲ.

ಉಮ್ಮಂದಿರೇ, ಮಗ ಹೊಸ ಯಂತ್ರದ ಪೆಟ್ಟಿಗೆ ಬಿಚ್ಚಿ ತೋರಿಸಿದಾಗ ಮಾಷಾ ಅಲ್ಲಾಹ್ ಎನ್ನುವ ಮುಂಚೆ ಜಾಕೆಟ್ ಹಾಕಿಕೊಂಡು ಅಂಗಳದಲ್ಲಿ ನಿಲ್ಲಲು ಹೇಳಿ. ನನ್ನ ಉಮ್ಮ ಹಾಗೆಯೇ ಮಾಡುತ್ತಾರೆ. ಕಯಾಕನ್ನು ಕಾರಿನ ಮೇಲೆ ಕಟ್ಟುವ ಹಗ್ಗ ಈಗ ಅವರ ಕಪಾಟಿನಲ್ಲಿದೆ.