ಚಿತ್ರ ನಮ್ಮದು, ಮಾತು ಯಾರದು?

ಮಳೆಗಾಲ ಬಂತೆಂದರೆ ಗೊರೂರಿನ ಕಡೆ ಟೀವಿಯವರ ವ್ಯಾನು ಬರುತ್ತದೆ. ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿದ ಶೆಟ್ಟಿಹಳ್ಳಿ ಚರ್ಚಿನ ಮುಂದೆ ಮೈಕು ಹಿಡಿದು ನಿಲ್ಲುತ್ತಾರೆ. ರಮ್ಯ ದೃಶ್ಯ ಅಂತಾರೆ. ಹೊರಟು ಹೋಗುತ್ತಾರೆ. ಆ ನೀರಿನಡಿ ಊರುಗಳಿದ್ದವು, ಊರಾಚೆ ಕೇರಿಗಳಿದ್ದವು. 1979ರಲ್ಲಿ ಅಣೆಕಟ್ಟೆ ಮುಗಿಯಿತು. ಜಮೀನಿದ್ದವರಿಗೆ ಪರಿಹಾರದ ಲೆಕ್ಕವಾದರೂ ಇತ್ತು. ಇನ್ನೊಬ್ಬರ ಗದ್ದೆಯಲ್ಲಿ ಕೂಲಿ ಮಾಡಿದವರಿಗೆ ಯಾವ ಲೆಕ್ಕ? 'ಆ ಜನ ಎಲ್ಲೋದ್ರು?' ಅಂತ ಮೈಕು ಹಿಡಿದವರು ಯಾಕೆ ಕೇಳಲ್ಲ?

ಗೆಳೆಯರೇ, ಟೀವಿಗೂ ನಮ್ಮ ಜಿಲ್ಲೆಗೂ ನಂಟಿದೆ. ಇನ್ಸಾಟ್ ಉಪಗ್ರಹಗಳನ್ನು ದಾರಿ ತಪ್ಪದಂತೆ ಕಾಯುವ ಕೇಂದ್ರ 1982ರಿಂದ ಹಾಸನದಲ್ಲಿದೆ. ಲಗಾಮು ಇಲ್ಲಿ, ಬಾಯಿ ಮಾತ್ರ ಬೆಂಗಳೂರಲ್ಲಿ.

ಹಿಂದಿನದನ್ನು ನೆನೆಯೋಣ. 1975ರ ಆಗಸ್ಟಿನಿಂದ ಒಂದು ವರ್ಷ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದ ಮೂಲಕ ಟೀವಿ ಬಂತು. ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಕೇಳುವವರು ಹಳ್ಳಿಯವರು, ಹೇಳುವವರು ಓದಿದವರು. ಎಂಬತ್ತರ ದಶಕದಲ್ಲಿ ಬೆಂಗಳೂರು ದೂರದರ್ಶನ ಬಂತು, 1994ರಲ್ಲಿ ಖಾಸಗಿ ಉದಯ ಟೀವಿ ಬಂತು, ಆಮೇಲೆ ಇಡೀ ದಿನ ಕೂಗುವ ಸುದ್ದಿ ಚಾನೆಲ್‌ಗಳು ಬಂದವು. ಹೇಳುವವರು, ಕೇಳುವವರು ಅದಲುಬದಲಾದರೇ?

ಒಳ್ಳೆಯದನ್ನು ನಾವು ಅಲ್ಲಗಳೆಯುವುದಿಲ್ಲ. 2024ರಲ್ಲಿ ತೀರಿಕೊಂಡ ಅಪರ್ಣಾ ಅವರ ನಿರೂಪಣೆಯನ್ನು ನಾವೂ ಮೆಚ್ಚಿ ಕೇಳಿದವರೇ. ನಾ. ಸೋಮೇಶ್ವರರು 2002ರಿಂದ ಚಂದನದಲ್ಲಿ 'ಥಟ್ ಅಂತ ಹೇಳಿ' ನಡೆಸಿ ಸರಿಯುತ್ತರಕ್ಕೆ ಪುಸ್ತಕ ಕೊಟ್ಟರು. ನಮ್ಮ ಹುಡುಗರೂ ಅದನ್ನು ನೋಡಿ ಬೆಳೆದರು. ನಮ್ಮ ಜಗಳ ವ್ಯಕ್ತಿಗಳ ಮೇಲಲ್ಲ. ಒಂದು ಬಗೆಯ ಕನ್ನಡಕ್ಕೆ ಮಾತ್ರ 'ಶುದ್ಧ' ಅಂತ ಮುದ್ರೆ ಒತ್ತಿ, ನಿರೂಪಕರ ಕುರ್ಚಿಯನ್ನು ಅದಕ್ಕೇ ಬರೆದುಕೊಟ್ಟರಲ್ಲ, ಅದರ ಮೇಲೆ. ನಮ್ಮ 'ಐತೆ', 'ಬತ್ತೀನಿ' ಎಲ್ಲಿಗೆ ಹೋದವು? ಧಾರಾವಾಹಿಯ ಮನೆಯಾಳಿನ ಬಾಯಿಗೆ, ನಗಿಸುವವರ ಬಾಯಿಗೆ. ಅಪ್ಪ ಸತ್ತಾಗ ನಾವು ಅತ್ತದ್ದೂ ಇದೇ ಮಾತಲ್ಲಿ ಸ್ವಾಮಿ, ಇದರಲ್ಲಿ ನಗುವಂಥದ್ದೇನಿದೆ?

ಜಾತಿ ಎಲ್ಲೈತೆ ಅಂತೀರಾ? 2019ರಲ್ಲಿ ಆಕ್ಸ್‌ಫಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಹಿಂದಿ, ಇಂಗ್ಲಿಷ್ ಮಾಧ್ಯಮಗಳ ಲೆಕ್ಕ ಹಾಕಿದವು. ಸುದ್ದಿಮನೆಗಳ 121 ಮೇಲಿನ ಹುದ್ದೆಗಳಲ್ಲಿ 106 ಮೇಲ್ಜಾತಿಯವರವು. ದಲಿತರು, ಆದಿವಾಸಿಗಳು ಒಬ್ಬರೂ ಇಲ್ಲ. ಕನ್ನಡ ಚಾನೆಲ್‌ಗಳೂ ತಮ್ಮ ಲೆಕ್ಕ ಹೊರಗಿಡಲಿ. ಚಂದನ ನಡೆಯುವುದು ಜನರ ದುಡ್ಡಿನಲ್ಲಿ, ಮೊದಲು ಅದೇ ಇಡಲಿ.

ಹಳ್ಳಿಯ ಮೇಷ್ಟರಿಗೂ ಒಂದು ಮಾತು. 'ಐತೆ' ಅಂದ ಮಗುವನ್ನು ಎಲ್ಲರೆದುರು ನಿಲ್ಲಿಸಿ ತಿದ್ದಬೇಡಿ. ಸ್ಟುಡಿಯೋದ ಬಾಗಿಲು ಆ ಮಗುವಿಗೆ ಮುಚ್ಚುವುದು ಅಲ್ಲಿಂದಲೇ. ಮುಂದಿನ ಮಳೆಗಾಲಕ್ಕೂ ಚರ್ಚು ಮುಳುಗುತ್ತದೆ, ವ್ಯಾನು ಬರುತ್ತದೆ. ಆ ಮೈಕು ಮುಳುಗಿದ ಕೇರಿಯ ಮೊಮ್ಮಗಳ ಕೈಯಲ್ಲಿರಬೇಕು. ಅವಳು ಅವಳ ಮಾತಲ್ಲೇ ಕೇಳಲಿ: 'ನಮ್ಮವ್ರು ಎಲ್ಲೋದ್ರು?'