ಮಾರಿ ಮುಗಿದ ಮೇಲೆ ಬೀಗವೇಕೆ?

ವ್ಯಾಪಾರಿ ತಂತ್ರಾಂಶವೆಲ್ಲ ಮುಕ್ತವಾಗಲಿ ಎನ್ನುವುದು ಅತಿಯಾಯಿತು, ಬರೆದವರಿಗೂ ಹೊಟ್ಟೆಯಿದೆ. ಆದರೆ ಗಳಿಕೆ ಮುಗಿದ ಮೇಲೂ ಮುಚ್ಚಿಡುವುದೇಕೆ? ಡಲ್ಲಾಸ್ ಪಕ್ಕದ ಮೆಸ್ಕೀಟ್‌ನಲ್ಲಿದ್ದ ಇಡ್ ಸಾಫ್ಟ್‌ವೇರ್ 1993ರಲ್ಲಿ ‘ಡೂಮ್’ ಆಟ ತಂದು ಚೆನ್ನಾಗಿ ಗಳಿಸಿತು. 1997ರ ಡಿಸೆಂಬರಿನಲ್ಲಿ ಅದರ ಆಕರ ಸಂಕೇತವನ್ನೇ ಹೊರಗಿಟ್ಟಿತು. 1999ರಲ್ಲಿ ಅದಕ್ಕೆ ಯಾರು ಬೇಕಾದರೂ ಬದಲಿಸಿ ಹಂಚಲು ಬಿಡುವ ಜಿಪಿಎಲ್ ಪರವಾನಗಿಯನ್ನೂ ಕೊಟ್ಟಿತು. ಧ್ವನಿಯ ಭಾಗ ಬೇರೆಯವರ ಸ್ವತ್ತು, ಹಾಗಾಗಿ ಅದನ್ನು ಕೊಡಲಾಗಲಿಲ್ಲ (ಇಂಥ ತೊಡಕು ಎಲ್ಲೆಡೆ ಇದ್ದದ್ದೇ). ಚಿತ್ರ, ಸಂಗೀತ, ಹಂತಗಳ ಹಕ್ಕನ್ನು ಕಂಪನಿ ಬಿಡಲಿಲ್ಲ. ಆಟ ಇಂದಿಗೂ ಮಾರಾಟದಲ್ಲಿದೆ.

ನಮ್ಮಲ್ಲೂ ಯೂನಿಕೋಡ್ ಎಂಬ ಏಕರೂಪದ ಅಕ್ಷರ ವ್ಯವಸ್ಥೆಗೆ ಮುಂಚಿನ ಫಾಂಟುಗಳಲ್ಲಿ ಟೈಪಾದ ಕನ್ನಡ ಕಡತಗಳು ಬೇಕಾದಷ್ಟಿವೆ. ಆ ಫಾಂಟುಗಳನ್ನು ಬಳಸುತ್ತಿದ್ದ, ತಯಾರಕರು ಕೈಬಿಟ್ಟ ತಂತ್ರಾಂಶದ ಆಕರ ಸಂಕೇತ ಸಿಕ್ಕರೆ ಅವನ್ನು ಓದಿಸುವ ಕೆಲಸ ಸಲೀಸು. ಮಾರಾಟ ನಿಂತ ಮೇಲೆ ಸಂಕೇತ ಬಿಟ್ಟುಕೊಡಬೇಕೆಂಬ ಷರತ್ತನ್ನು ಸರ್ಕಾರ ತಂತ್ರಾಂಶ ಖರೀದಿಯ ಕರಾರಿನಲ್ಲೇ ಬರೆಸಲಿ.