ಫೋಟೋಗೆ ಹತ್ತಿದ ದೀಪ

ನನ್ನ ಎಡಗೈ ಮೇಲೆ ಸುಟ್ಟ ಕಲೆಯಿದೆ. ಆರನೇ ಕ್ಲಾಸಿನಲ್ಲಿದ್ದೆ. ಓದುತ್ತಾ ತೂಕಡಿಸಿದಾಗ ಬುಡ್ಡಿ ಮಗುಚಿ, ಸೀಮೆಎಣ್ಣೆ ಕೈಮೇಲೆ ಹರಿದು ಹೊತ್ತಿಕೊಂಡಿತು. ಅವ್ವ ಕಂಬಳಿ ಎಸೆದು ಬೆಂಕಿ ಆರಿಸಿದಳು. ಬೆಂಕಿಯ ಜೊತೆ ಬೆಳಕೂ ಆರಿತು. ಆ ಕತ್ತಲಲ್ಲಿ ಅವಳು ನೀರಿಗೆ ತಡಕಾಡಿದ್ದು, ಪಾತ್ರೆ ಉರುಳಿದ್ದು, ನಾನು ಕಿರುಚಿದ್ದು ಇವತ್ತಿಗೂ ಕಿವಿಯಲ್ಲಿವೆ.

ನಾನು ಸೋಲಿಗ. ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಪೋಡಿನವನು. ಪೋಡು ಅಂದರೆ ನಮ್ಮ ಹಾಡಿ. 2013ರಲ್ಲಿ ಸರ್ಕಾರ ಈ ಕಾಡನ್ನು ವನ್ಯಜೀವಿ ಧಾಮ ಅಂತ ಘೋಷಿಸಿತು. ಅವತ್ತಿಂದ ಕರೆಂಟಿನ ಕಂಬ ಕೇಳಿದರೆ ಅಧಿಕಾರಿಗಳು ಆನೆ ತೋರಿಸುತ್ತಾರೆ, ತಂತಿ ಕೇಳಿದರೆ ಹುಲಿ ತೋರಿಸುತ್ತಾರೆ. ಅದಕ್ಕೂ ಮುಂಚೆ ಯಾರನ್ನು ತೋರಿಸುತ್ತಿದ್ದರು? ವೀರಪ್ಪನ್‌ನನ್ನು.

ಆ ಕಾಡುಗಳ್ಳನ ಬೇಟೆಯ ಕಾಲದಲ್ಲಿ ಪೊಲೀಸರು ಬೆಟ್ಟದ ‘ವರ್ಕ್‌ಶಾಪ್’ ಎಂಬ ವಿಚಾರಣಾ ಶಿಬಿರಕ್ಕೆ ಎಳೆದೊಯ್ದು ಮೈಗೆ ಕರೆಂಟು ಕೊಟ್ಟರು ಅಂತ ಜನ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಹೇಳಿಕೊಂಡರು. 2007ರಲ್ಲಿ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಿ ಎಂದಿತು.

ಗುಡಿಸಲಿಗೆ ಬಾರದ ಕರೆಂಟು ಮೈಗೆ ಬಂದಿತ್ತು.

1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದರಲ್ಲ, ಅದು ಬೆಟ್ಟ ಬಯಲು ದಾಟಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಓಡಿತು. ಬಿಳಿಯರ ಚಿನ್ನಕ್ಕೆ ಅಷ್ಟು ದೂರ ತಂತಿ ಎಳೆದ ನಾಡಿಗೆ ನಮ್ಮ ಪೋಡು ದೂರವಾಯಿತೇ? ಬೆಟ್ಟದ ಮೇಲೆ ಮಹದೇಶ್ವರನ, ಅಂದರೆ ಮಾದಪ್ಪನ ಗುಡಿಗೆ ಕರೆಂಟಿದೆ, ಯಾತ್ರಿಕರ ವಸತಿಗೃಹಕ್ಕೂ ಇದೆ. ಆ ತಂತಿ ಕಾಡು ದಾಟದೆ ಆಕಾಶದಿಂದ ಇಳಿಯಿತೇ? ಮಾದಪ್ಪ ನಮ್ಮವನು. ಅವನ ಗುಡಿಯ ಬೆಳಕನ್ನು ನಾವು ಕತ್ತಲಲ್ಲಿ ನಿಂತು ನೋಡಬೇಕು.

ಕಾನೂನು ಅಡ್ಡ ಬರುತ್ತದೆ ಅನ್ನಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ನಾನು ಓದಿದ್ದೇನೆ. ಗ್ರಾಮಸಭೆ ಶಿಫಾರಸು ಮಾಡಿದರೆ ಶಾಲೆ, ರಸ್ತೆ, ವಿದ್ಯುತ್ ತಂತಿಗೆ ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡು ಬಿಡಬಹುದು ಅಂತ ಮೂರನೇ ಸೆಕ್ಷನ್ನಿನಲ್ಲೇ ಇದೆ. ಆ ಪಟ್ಟಿಯಲ್ಲಿ ಸೌರಶಕ್ತಿಯಂಥ ಅಸಾಂಪ್ರದಾಯಿಕ ಇಂಧನವೂ ಇದೆ. ಇಲ್ಲದ್ದು ಮನಸ್ಸು.

ಕೊನೆಗೊಂದು ದಿನ ಸೋಲಾರ್ ಬಂತು. ಯಾರು ಕೊಟ್ಟರೆಂದು ಹೇಳುವುದಿಲ್ಲ, ಅವರ ಬ್ಯಾನರಿನಲ್ಲಿ ಅವರ ಹೆಸರು ನಮ್ಮ ಮನೆಯ ಗೋಡೆಗಿಂತ ದೊಡ್ಡದಿತ್ತು. ಅವ್ವ ಪೆಟ್ಟಿಗೆಯಿಂದ ಹಬ್ಬದ ಸೀರೆ ತೆಗೆದು ಉಟ್ಟು ಬಂದಳು. ಕ್ಯಾಮೆರಾದವನು ನೋಡಿ, “ಇದ್ ಬೇಡಮ್ಮ, ದಿನಾ ಉಡೋದೇ ಉಟ್ಕೊಂಡ್ ಬಾ” ಅಂದ. ಅವ್ವ ಒಳಗೆ ಹೋಗಿ ಹರಿದ ಸೀರೆ ಉಟ್ಟು ಬಂದು, ಹಗಲು ಹನ್ನೆರಡು ಗಂಟೆಯ ಬಿಸಿಲಲ್ಲಿ ಉರಿಯುವ ಬಲ್ಬು ಹಿಡಿದು ನಿಂತಳು. ನಾನು ಪಕ್ಕದಲ್ಲೇ ಇದ್ದೆ. ಸುಮ್ಮನಿದ್ದೆ. ಕೈಮೇಲಿನ ಕಲೆಗಿಂತ ಆ ಸುಮ್ಮನಿದ್ದದ್ದು ನನ್ನನ್ನು ಹೆಚ್ಚು ಸುಡುತ್ತದೆ.

ದೀಪ ಹತ್ತಿತು, ಸುಳ್ಳು ಹೇಳಲಾರೆ. ರಾತ್ರಿ ಅಂಗಳಕ್ಕೆ ಇಳಿಯುವ ಮುಂಚೆ ಹಾವಿದೆಯೋ ಆನೆಯಿದೆಯೋ ಅಂತ ನೋಡುವಂತಾಯಿತು. ತಂಗಿ ಹೊಗೆಯಿಲ್ಲದ ಬೆಳಕಲ್ಲಿ ಓದಿದಳು. ಒಂದು ಮಳೆಗಾಲ ಕಳೆಯಿತು. ಮೋಡ ಕವಿದ ದಿನಗಳಲ್ಲಿ ಚಾರ್ಜು ತುಂಬಲಿಲ್ಲ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕೆಂದು ಒಬ್ಬರೂ ಹೇಳಿರಲಿಲ್ಲ. ಒಣಗಿ ಸತ್ತಿತು. ಆ ಬ್ಯಾಟರಿಯನ್ನು ತಲೆಮೇಲೆ ಹೊತ್ತು ಕಾಡುದಾರಿ ಇಳಿದು, ಬಸ್ಸು ಹತ್ತಿ ಕೊಟ್ಟವರ ಆಫೀಸಿಗೆ ಹೋದೆ. ಮೇಜಿನ ಹಿಂದಿದ್ದವನು ತಲೆ ಎತ್ತದೆ ಹೇಳಿದ: “ಪುಕ್ಕಟೆ ಕೊಟ್ಟಿದ್ದಕ್ಕೆ ರಿಪೇರಿ ಬೇರೆ ಕೇಳ್ತೀರಾ?”

ಪುಕ್ಕಟೆ! ಯಾರ ನೆಲದ ಮೇಲೆ ಬಿದ್ದ ಬಿಸಿಲಯ್ಯಾ ಅದು? ನಾವು ಭಿಕ್ಷೆ ಕೇಳಲಿಲ್ಲ. ತಂತಿಯೋ ಸೋಲಾರೋ, ಕೆಟ್ಟರೆ ಬಂದು ನೋಡಲೇಬೇಕಾದ ಮನುಷ್ಯ ಬೇಕು. ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದನ್ನು ತಲೆಮೇಲೆ ಹೊತ್ತು ಹೋಗುತ್ತೀರಾ ನೀವು?

2024ರ ಏಪ್ರಿಲ್ 26ರಂದು ನಮ್ಮ ಬೆಟ್ಟದ ಇಂಡಿಗನತ್ತ ಹಳ್ಳಿಯಲ್ಲಿ, ಸೌಕರ್ಯವಿಲ್ಲವೆಂದು ಮತ ಬಹಿಷ್ಕರಿಸಿದ ಗಲಾಟೆಯಲ್ಲಿ ಮತಯಂತ್ರ ಪುಡಿಯಾದಾಗ ನಾಡೆಲ್ಲ ಬೆಚ್ಚಿತು. ಮೂರೇ ದಿನಕ್ಕೆ ಮರುಮತದಾನ ನಡೆಯಿತು. ಮೂರು ದಿನದಲ್ಲಿ ಮತಯಂತ್ರ ಬೆಟ್ಟ ಹತ್ತುತ್ತದೆ, ಕಂಬ ಹತ್ತುವುದಿಲ್ಲ.

ಮೊನ್ನೆ ಇನ್ನೊಂದು ಜೀಪು ಬಂತು, ಹೊಸ ಲಾಟೀನು, ಹೊಸ ಬ್ಯಾನರು. ಅವ್ವ ಹಬ್ಬದ ಸೀರೆ ಉಟ್ಟುಕೊಂಡು ಬಂದು ಜಗುಲಿ ಮೇಲೆ ಕುಂತಳು. “ಇದು ಕೆಟ್ರೆ ಯಾರ್ ಬತ್ತೀರಿ? ಹೆಸರು, ಫೋನ್ ನಂಬರು ಬರ್ದು ಸೈನ್ ಹಾಕ್ಕೊಡಿ. ಆಮೇಲ್ ಫೋಟೋ ಹೊಡ್ಕಳಿ.”

ಪೆನ್ನು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಯಾರೂ ಇಸಿದುಕೊಳ್ಳಲಿಲ್ಲ.